ಮೂರನೆಯವನ ಕಾರು

ನಾಚಾರಂ ಕೈಗಾರಿಕಾ ಪ್ರದೇಶದ ಒಳರಸ್ತೆಯೊಂದರಲ್ಲಿ, ಎರಡು ಲೇತ್ ಅಂಗಡಿಗಳ ನಡುವೆ, ತಗಡು ಹೊದಿಸಿದ ಒಂದು ಶೆಡ್ಡಿದೆ. ಉದ್ಯೋಗನಿಮಿತ್ತ ಹೈದರಾಬಾದಿಗೆ ಬಂದು ಇಲ್ಲಿಯವರೇ ಆಗಿಬಿಟ್ಟಿರುವ ನಾವು ಮೂವರು ಕನ್ನಡಿಗರು ಕಳೆದ ಐದು ವರ್ಷಗಳ ಭಾನುವಾರಗಳನ್ನು ಬಹುಪಾಲು ಅಲ್ಲಿಯೇ ಕಳೆದಿದ್ದೇವೆ. ಒಳಗಿರುವುದು 1969ರ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು. ಕಲ್ಯಾಣ ಕರ್ನಾಟಕದ ಮನೆಯೊಂದರ ಹಿತ್ತಿಲಲ್ಲಿ, ಬೇವಿನ ಮರದ ಕೆಳಗೆ, ಕೋಳಿಗೂಡಾಗಿ ಪರಿಣಮಿಸಿದ್ದ ಅದನ್ನು ಲಾರಿಗೆ ಹೇರಿಸಿ ತಂದೆವು. ಆಗ ಅದರ ನೆಲದ ತಗಡು ತುಕ್ಕು ತಿಂದು ಜರಡಿಯಂತಾಗಿತ್ತು, ಎಂಜಿನ್ನು ಬಿಗಿದುಕೊಂಡಿತ್ತು, ನಂಬರ್ ಪ್ಲೇಟಿನ ಮೇಲೆ ಮಾತ್ರ ಮೈಸೂರು ರಾಜ್ಯದ ಕಾಲದ ಅಕ್ಷರಗಳು ಸ್ಪಷ್ಟವಾಗಿ ಉಳಿದಿದ್ದವು. ಕಾರಿಗಿಂತ ಮೊದಲೇ ರಾಜ್ಯದ ಹೆಸರು ಹಳತಾಗಿತ್ತು.

ಕಾರನ್ನು ಕೊನೆಯ ತಿರುಪಿನವರೆಗೆ ಬಿಚ್ಚಿ, ಮತ್ತೆ ಕಟ್ಟಿ, ನೋಂದಣಿಯ ವಿಚಾರಕ್ಕಾಗಿ ಒಂದು ಕಚೇರಿಗೆ ಹೋದಾಗ ಅಲ್ಲಿಯ ಗುಮಾಸ್ತರು ಸೌಜನ್ಯದಿಂದಲೇ ಎರಡು ಪ್ರಶ್ನೆ ಕೇಳಿದರು: ತಯಾರಿಸಿದ ಕಂಪನಿ ಯಾವುದು? ಮಾಲೀಕರು ಯಾರು? ಕಂಪನಿ ಮುಚ್ಚಿ ಎಷ್ಟೋ ವರ್ಷಗಳಾಗಿವೆ, ಮೊದಲ ಮಾಲೀಕರು ತೀರಿಕೊಂಡಿದ್ದಾರೆ, ಈಗಿರುವ ಕಾರನ್ನು ಕಟ್ಟಿದವರು ನಾವೇ ಎಂದೆವು. ಅವರು ಕಾಗದವನ್ನು ಒಮ್ಮೆ ತಿರುವಿ ನೋಡಿ, "ಕಟ್ಟಿದವರು ಅಂತ ಇದರಲ್ಲಿ ಕಾಲಂ ಇಲ್ಲವಲ್ಲ ಸರ್" ಎಂದರು.

ಆ ಮಾತು ನಮ್ಮನ್ನು ಬಹಳ ದಿನ ಕಾಡಿತು. ಕಾರಿಗೆ ಸಂಬಂಧಿಸಿ ನಮ್ಮ ದೇಶದ ಕಾನೂನು ಇಬ್ಬರನ್ನು ಬಲ್ಲದು: ಕಾರ್ಖಾನೆಯವನು ಮತ್ತು ಕೊಳ್ಳುವವನು. ತನ್ನ ಕೈಯಿಂದ ತನಗಾಗಿ ಒಂದೇ ಒಂದು ಕಾರನ್ನು ಕಟ್ಟುವ ಮೂರನೆಯವನೊಬ್ಬನಿದ್ದಾನೆ. ಅವನ ಚರಿತ್ರೆಯನ್ನು ಬಿಡಿಬಿಡಿಯಾಗಿ ಓದಿದ್ದೆವು. ಒಂದೆಡೆ ಸೇರಿಸಿ ನೋಡಿರಲಿಲ್ಲ. ಈ ಬರಹ ಅಂತಹ ಒಂದು ಪ್ರಯತ್ನ.

*

ಮೊದಲನೆಯ ಅಧ್ಯಾಯ ಕನ್ನಡ ನಾಡಿಗೆ ಸೇರಿದ್ದು. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ, ಎಪ್ಪತ್ತೈದರ ಆಸುಪಾಸಿನ ವಯಸ್ಸಿನಲ್ಲಿ, ಯುರೋಪು ಅಮೆರಿಕಗಳನ್ನು ಸುತ್ತಿ ಅಲ್ಲಿಯ ಮೋಟಾರು ಕಾರ್ಖಾನೆಗಳನ್ನು ಕಂಡುಬಂದರು. ಭಾರತದಲ್ಲಿಯೇ ಕಾರು ತಯಾರಿಸುವ ಸವಿವರ ಯೋಜನೆಯೊಂದನ್ನು ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಜೊತೆಗಿದ್ದರು. ಮೈಸೂರಿನ ದಿವಾನ ಮಿರ್ಜಾ ಇಸ್ಮಾಯಿಲ್ ಅವರ ಸಹಾನುಭೂತಿಯೂ ದೊರಕಿತು. ಆದರೆ ಬ್ರಿಟಿಷ್ ಸರ್ಕಾರಕ್ಕೆ ಈ ಉತ್ಸಾಹ ಹಿಡಿಸಲಿಲ್ಲ. ಮೈಸೂರು ಸಂಸ್ಥಾನ ಕೈ ಚಾಚಿದ್ದರೂ ಮೇಲಿನ ಒತ್ತಡದಿಂದ ಹಿಂದೆಗೆಯಬೇಕಾಯಿತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದರು ಬೆಂಗಳೂರಿನಲ್ಲಿ ಸ್ಥಾಪಿಸಿದ್ದು ವಿಮಾನದ ಕಾರ್ಖಾನೆ, ಇಂದಿನ ಎಚ್‌ಎಎಲ್. ಯುದ್ಧಕ್ಕೆ ವಿಮಾನ ಬೇಕಾಗಿತ್ತು, ಆದ್ದರಿಂದ ಅದಕ್ಕೆ ಅನುಮತಿ ಸಿಕ್ಕಿತು. ಕಾರಿನ ಕಾರ್ಖಾನೆ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಲ್ಲಿ ಮುಂಬಯಿಯ ಪಾಲಾಯಿತು.

ವಿಶ್ವೇಶ್ವರಯ್ಯನವರದು ಕಾರ್ಖಾನೆಯ ಕನಸು. ನಮ್ಮ ಶೆಡ್ಡಿನ ಪೂರ್ವಜರನ್ನು ಅಲ್ಲಿ ಹುಡುಕುವುದು ಸ್ವಲ್ಪ ಧಾರ್ಷ್ಟ್ಯವೇ ಸರಿ. ಆದರೂ ಆ ಕಥೆಯಿಂದಲೇ ಆರಂಭಿಸಿದ್ದಕ್ಕೆ ಕಾರಣವಿದೆ. ಕಾರು ಕಟ್ಟಲು ಬೇಕಾದ ಬುದ್ಧಿ, ಹಣ, ಉಕ್ಕು ಎಲ್ಲವೂ ಒದಗಿದ ಮೇಲೂ 'ಅಪ್ಪಣೆ' ಎಂಬ ಒಂದು ಬಿಡಿಭಾಗ ಉಳಿಯುತ್ತದೆ, ಅದು ಯಾವ ಗುಜರಿಯಲ್ಲಿಯೂ ಸಿಕ್ಕುವುದಿಲ್ಲ ಎಂಬುದು ನಮ್ಮವರಿಗೆ ಮೊದಲು ಮನದಟ್ಟಾದದ್ದು ಅಲ್ಲಿ.

ಸ್ವಾತಂತ್ರ್ಯ ಬಂದ ಮೇಲೆ ಅಪ್ಪಣೆ ಕೊಡುವ ಕೈ ಬದಲಾಯಿತು. 1951ರ ಕೈಗಾರಿಕಾ ಕಾಯ್ದೆ ಪರವಾನಗಿಯ ಯುಗವನ್ನು ತೆರೆಯಿತು. ಮುಂದಿನ ಮೂರು ದಶಕ ಭಾರತೀಯನಿಗೆ ಲಭ್ಯವಿದ್ದದ್ದು ಮುಖ್ಯವಾಗಿ ಮೂರು ಕಾರುಗಳು: ಕಲ್ಕತ್ತೆಯ ಬಳಿಯ ಉತ್ತರಪಾಡಾದ ಅಂಬಾಸಿಡರ್, ಮುಂಬಯಿಯ ಫಿಯಟ್, ಮದ್ರಾಸಿನ ಸ್ಟ್ಯಾಂಡರ್ಡ್. ಹಣವಿದ್ದವನೂ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲವದು.

ಆ ಕಾಲದಲ್ಲಿ, ನಮ್ಮ ಬೆಳಗಾವಿಗೆ ಹೊಂದಿಕೊಂಡಿರುವ ಕೊಲ್ಹಾಪುರ ಜಿಲ್ಲೆಯ ಇಚಲಕರಂಜಿಯಲ್ಲಿ ಶಂಕರರಾವ್ ಕುಲಕರ್ಣಿ ಎಂಬವರಿದ್ದರು. ಕೈಮಗ್ಗ, ವಿದ್ಯುತ್ ಮಗ್ಗಗಳ ಊರು ಅದು. ಹೆಚ್ಚಿನ ಶಾಲಾಶಿಕ್ಷಣವಿಲ್ಲದ ಕುಲಕರ್ಣಿಯವರು ಸಾಮಾನ್ಯ ಕುಟುಂಬ ಕೊಳ್ಳಬಹುದಾದ ಪುಟ್ಟ ಕಾರೊಂದನ್ನು ತಾವೇ ರೂಪಿಸಲು ಕುಳಿತರು. 1949ರಲ್ಲಿ ಅವರ ಮೊದಲ ಮಾದರಿ ನೋಂದಣಿಯಾಯಿತು. ಅದರ ಹೆಸರು 'ಮೀರಾ'. ಒಬ್ಬ ವ್ಯಕ್ತಿ ತನ್ನ ಕೈಯಿಂದ ಕಟ್ಟಿದ ಕಾರಿಗೆ ಆಗಿನ ಕಚೇರಿಯಲ್ಲಿ ಹೇಗೋ ಒಂದು ಕಾಲಂ ಸಿಕ್ಕಿತ್ತೆಂಬುದನ್ನು ಇಲ್ಲಿ ಗಮನಿಸಬೇಕು. ಮುಂದೆ ಎಪ್ಪತ್ತರ ದಶಕದವರೆಗೂ ಅವರು ಒಂದಾದ ಮೇಲೊಂದರಂತೆ ಮಾದರಿಗಳನ್ನು ತಿದ್ದುತ್ತ ಹೋದರು. ಎಂಜಿನ್ನು ಹಿಂಭಾಗದಲ್ಲಿ, ಬೆಲೆ ಹನ್ನೆರಡು ಸಾವಿರದ ಆಸುಪಾಸು. ಓಡಿಸಿ ತೋರಿಸಿದರು, ಜನ ಮೆಚ್ಚಿದರು. ತಯಾರಿಸಿ ಮಾರುವ ಅಪ್ಪಣೆ ಮಾತ್ರ ಬರಲಿಲ್ಲ.

ಅದೇ ವರ್ಷಗಳಲ್ಲಿ ದೆಹಲಿಯ ಗುಲಾಬಿ ಬಾಗ್ ಎಂಬಲ್ಲಿ, ಲಾರಿ ರಿಪೇರಿಯ ಗ್ಯಾರೇಜುಗಳ ಸಾಲಿನಲ್ಲಿ, ಇನ್ನೊಬ್ಬ ತರುಣ ತನ್ನ ಕೈಯಾರೆ ಪುಟ್ಟ ಕಾರೊಂದನ್ನು ಕಟ್ಟಲು ಹೆಣಗುತ್ತಿದ್ದ. ಅವನು ಪ್ರಧಾನಿಯ ಮಗ ಸಂಜಯ್ ಗಾಂಧಿ. 1970ರಲ್ಲಿ ವರ್ಷಕ್ಕೆ ಐವತ್ತು ಸಾವಿರ ಕಾರುಗಳಿಗೆ ಅವನಿಗೆ ಸಮ್ಮತಿಪತ್ರ ದೊರಕಿತು. ಆ ಕಾರು ಮಾರುಕಟ್ಟೆಗೆ ಬರಲೇ ಇಲ್ಲ. ಮಾರುತಿ ಎಂಬ ಹೆಸರು ಮಾತ್ರ ಉಳಿದು, ಸರ್ಕಾರದ ಕೈಸೇರಿ, ಜಪಾನಿನ ಸುಜುಕಿಯ ನೆರವಿನಿಂದ 1983ರ ಡಿಸೆಂಬರಿನಲ್ಲಿ ರಸ್ತೆಗಿಳಿಯಿತು. ಒಬ್ಬನಿಗೆ ಕಾರಿತ್ತು, ಅಪ್ಪಣೆಯಿರಲಿಲ್ಲ. ಇನ್ನೊಬ್ಬನಿಗೆ ಅಪ್ಪಣೆಯಿತ್ತು, ಕಾರಿರಲಿಲ್ಲ. ಇಚಲಕರಂಜಿಯ ಕಥೆಯನ್ನು ಓದಿದ ದಿನ ನಾವು ಶೆಡ್ಡಿನಲ್ಲಿ ಹೆಚ್ಚು ಮಾತನಾಡಲಿಲ್ಲ.

ಬೆಂಗಳೂರು ಈ ಚರಿತ್ರೆಯಲ್ಲಿ ಮತ್ತೊಂದು ದಾರಿ ಹಿಡಿಯಿತು. ಎಪ್ಪತ್ತರ ದಶಕದ ನಡುಭಾಗದಲ್ಲಿ ಅಲ್ಲಿಯ ಸನ್‌ರೈಸ್ ಆಟೊಮೋಟಿವ್ ಎಂಬ ಸಂಸ್ಥೆ ಮೂರು ಚಕ್ರದ 'ಬಾದಲ್' ಎಂಬ ಕಾರನ್ನು ತಂದಿತು. ಮುಂದೆ ಅದೇ ಬಳಗ ಸಿಪಾನಿ ಎಂಬ ಹೆಸರಿನಲ್ಲಿ 1982ರ ಹೊತ್ತಿಗೆ ಇಂಗ್ಲೆಂಡಿನ ರಿಲಯಂಟ್ ಕಿಟನ್ ಮಾದರಿಯನ್ನು 'ಡಾಲ್ಫಿನ್' ಆಗಿಸಿತು. ಈ ಕಾರುಗಳ ಮೈ ಫೈಬರ್‌ಗ್ಲಾಸಿನದು. ಅದರಲ್ಲೊಂದು ಗುಟ್ಟಿದೆ. ಉಕ್ಕಿನ ತಗಡನ್ನು ಬಾಗಿಲು, ಬಾನೆಟ್ಟುಗಳ ಆಕಾರಕ್ಕೆ ಒತ್ತಲು ಮನೆಯಷ್ಟು ಎತ್ತರದ ಪ್ರೆಸ್ಸುಗಳೂ ಕೋಟಿಗಟ್ಟಲೆ ಬಂಡವಾಳವೂ ಬೇಕು. ಫೈಬರ್‌ಗ್ಲಾಸಿಗಾದರೆ ಒಂದು ಅಚ್ಚು, ಗಾಜಿನ ನೂಲಿನ ಬಟ್ಟೆ, ರಾಳ ಮತ್ತು ತಾಳ್ಮೆಯಿರುವ ಕೈಗಳು ಸಾಕು. 2001ರಲ್ಲಿ ಚೇತನ್ ಮೈನಿಯವರ ವಿದ್ಯುತ್ ಕಾರು 'ರೇವಾ' ಬೆಂಗಳೂರಿನಲ್ಲಿಯೇ ಹುಟ್ಟಿದಾಗ ಅದರ ಮೈಯೂ ಪ್ಲಾಸ್ಟಿಕ್ಕಿನದೇ. ಓದುವ ಕಾಲದಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸೌರಕಾರಿನ ತಂಡದಲ್ಲಿ ಕೈ ಕೊಳೆಮಾಡಿಕೊಂಡವರು ಮೈನಿ. ಅಷ್ಟರಲ್ಲಿ ಕಾಲ ಬದಲಾಗಿತ್ತು: 1993ರಲ್ಲಿ ಕಾರು ತಯಾರಿಕೆಗೆ ಪರವಾನಗಿಯ ಅಗತ್ಯವೇ ಇಲ್ಲವಾಗಿತ್ತು. ಆದರೆ ಬಾಗಿಲು ತೆರೆದದ್ದು ಕಾರ್ಖಾನೆಯವನಿಗೆ. ಮೂರನೆಯವನು ಹೊರಗೇ ಉಳಿದ.

*

ಇದೇ ಅವಧಿಯಲ್ಲಿ ಇಂಗ್ಲೆಂಡಿನಲ್ಲಿ ಏನಾಯಿತೆಂಬುದನ್ನು ಹೋಲಿಸಿ ನೋಡಬೇಕು. ಕಾಲಿನ್ ಚಾಪ್‌ಮನ್ ಎಂಬ ತರುಣ 1948ರಲ್ಲಿ ಹಳೆಯ ಆಸ್ಟಿನ್ ಸೆವೆನ್ ಒಂದನ್ನು ಬಿಚ್ಚಿ ತನ್ನ ಮೊದಲ ಸ್ಪರ್ಧೆಯ ಕಾರನ್ನು ಗ್ಯಾರೇಜಿನಲ್ಲಿ ಕಟ್ಟಿದ. ಅದು ಲೋಟಸ್ ಕಂಪನಿಯ ಬೀಜ. 1957ರಲ್ಲಿ ಬಂದ ಲೋಟಸ್ ಸೆವೆನ್ ಕಾರನ್ನು ಬಿಡಿಭಾಗಗಳಾಗಿಯೂ ಕೊಳ್ಳಬಹುದಿತ್ತು. ಸಿದ್ಧವಾದ ಕಾರಿನ ಮೇಲೆ ಖರೀದಿ ತೆರಿಗೆಯಿತ್ತು, ಬಿಡಿಭಾಗಗಳ ಮೇಲೆ ಇರಲಿಲ್ಲ. ತೆರಿಗೆ ಉಳಿಸುವ ಆಸೆಯಿಂದ ಶಾಲಾಮಾಸ್ತರರೂ ಗುಮಾಸ್ತರೂ ಪಾನಾ ಹಿಡಿದು ಕುಳಿತರು. 1973ರಲ್ಲಿ ತೆರಿಗೆಯ ಪದ್ಧತಿ ಬದಲಾಗಿ ಆ ಲಾಭ ನಿಂತಿತು, ಕಟ್ಟುವ ಅಭ್ಯಾಸ ನಿಲ್ಲಲಿಲ್ಲ. ಒಬ್ಬನೇ ಕಟ್ಟಿದ ಒಂದೇ ಕಾರನ್ನು ಪರೀಕ್ಷಿಸಿ, ಬ್ರೇಕು ದೀಪ ಸ್ಟೀರಿಂಗುಗಳನ್ನು ನೋಡಿ, ರಸ್ತೆಗೆ ಬಿಡುವ ವ್ಯವಸ್ಥೆ ಇಂದಿಗೂ ಅಲ್ಲಿದೆ. ಅಲ್ಲಿ ಕಾನೂನು ಅರಿತೋ ಅರಿಯದೆಯೋ ಮೂರನೆಯವನನ್ನು ಸಾಕಿತು.

ನಮ್ಮ ಹೆರಾಲ್ಡ್ ಕೂಡ ಮೂಲತಃ ಅಲ್ಲಿಯದು. 1959ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದದ್ದನ್ನು 1961ರಿಂದ ಮದ್ರಾಸಿನಲ್ಲಿ ತಯಾರಿಸತೊಡಗಿದರು. ಅಲ್ಲಿ ಎರಡೇ ಬಾಗಿಲಿದ್ದ ಕಾರಿಗೆ ನಮ್ಮವರು ಮುಂದೆ ನಾಲ್ಕು ಬಾಗಿಲಿಟ್ಟರು. ಆ ಹೊತ್ತಿಗೆ ಬಹುಪಾಲು ಕಾರುಗಳಲ್ಲಿ ಮೈಯೇ ಅಸ್ಥಿಪಂಜರವೂ ಆಗಿತ್ತು. ಆದರೆ ಹೆರಾಲ್ಡ್ ತಯಾರಕರಿಗೆ ಮೈ ಒತ್ತಿಕೊಡುತ್ತಿದ್ದ ಕಾರ್ಖಾನೆಯನ್ನು ಪ್ರತಿಸ್ಪರ್ಧಿಗಳು ಕೊಂಡುಬಿಟ್ಟಿದ್ದರು. ಅನಿವಾರ್ಯವಾಗಿ ಅವರು ಹಳೆಯ ಕ್ರಮಕ್ಕೆ ಮರಳಿ, ಕೆಳಗೊಂದು ಚಾಸಿಯನ್ನಿಟ್ಟು ಮೈಯನ್ನು ತುಂಡುತುಂಡಾಗಿ ಅದಕ್ಕೆ ಬೋಲ್ಟು ಹಾಕಿ ಬಿಗಿದರು. ಕಂಪನಿಯ ಆ ದೌರ್ಬಲ್ಯ ನಮ್ಮಂತಹವರಿಗೆ ವರವಾಯಿತು. ಮೂವರು ಮಧ್ಯವಯಸ್ಕರು ಕ್ರೇನಿಲ್ಲದೆ ಬಿಚ್ಚಬಹುದಾದ ಕಾರು ಅದು. ಬಾನೆಟ್ಟು ರೆಕ್ಕೆಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮುಂದಿನ ಚಕ್ರದ ಮೇಲೆ ಕುಳಿತು, ಮಣೆಯ ಮೇಲೆ ಕುಳಿತಂತೆ, ಎಂಜಿನ್ನಿನ ಕೆಲಸ ಮಾಡಬಹುದು.

ಬಿಚ್ಚುವುದು ಎರಡು ತಿಂಗಳ ಸಂಭ್ರಮ. ಕಟ್ಟುವುದು ಐದು ವರ್ಷಗಳ ವ್ರತ. ಮೊದಲನೆಯ ಸಂಕಟ ಅಳತೆಯದು. ಹೆರಾಲ್ಡಿನ ಬೋಲ್ಟುಗಳು ಇಂಚಿನ ಲೆಕ್ಕದವು, ಇಂದಿನ ಅಂಗಡಿಯಲ್ಲಿ ಸಿಕ್ಕುವುದು ಮಿಲಿಮೀಟರಿನವು. ಒಂದು ಇಂಚಿನ ಹದಿನಾರರಲ್ಲಿ ಐದು ಪಾಲೆಂದರೆ ಎಂಟು ಮಿಲಿಮೀಟರಿಗಿಂತ ಕೂದಲಿನಷ್ಟೇ ಕಡಿಮೆ. ಎಂಟರ ಬೋಲ್ಟನ್ನು ಆ ರಂಧ್ರಕ್ಕೆ ಹಾಕಿದರೆ ಅದು ಒಂದು ಸುತ್ತು ನಯವಾಗಿ ಹೋಗುತ್ತದೆ, ನಂಬಿಸುತ್ತದೆ. ಆಮೇಲೆ ಬಿಗಿದುಕೊಂಡು ರಂಧ್ರದ ಥ್ರೆಡ್ಡನ್ನೇ ಕಿತ್ತುಹಾಕುತ್ತದೆ. ಅಂತಹ ಏಳು ರಂಧ್ರಗಳನ್ನು ಹಾಳುಮಾಡಿದ ಮೇಲೆ ನಾವು ಪ್ರತಿ ಬೋಲ್ಟನ್ನೂ ಅಳೆದು ಡಬ್ಬಿಗಳ ಮೇಲೆ ಚೀಟಿ ಅಂಟಿಸಲು ಕಲಿತೆವು.

ಇಲ್ಲಿ ನಾಚಾರಂ ನಮ್ಮ ಕೈ ಹಿಡಿಯಿತೆಂಬುದನ್ನು ಹೇಳಲೇಬೇಕು. ಈ ಭಾಗದಲ್ಲಿ ಲೋಹದ ಕೆಲಸಕ್ಕೆ ಹಳೆಯ ಬೇರುಗಳಿವೆ. ಇಲ್ಲಿಂದ ತಾರ್ನಾಕಾ ದಾಟಿದರೆ ಲಾಲಾಗುಡ. ನಿಜಾಮರ ರೈಲ್ವೆಯ ಕಾರ್ಯಾಗಾರ 1893ರಿಂದ ಅಲ್ಲಿದೆ. ನಮ್ಮ ಪಕ್ಕದ ಲೇತ್ ಅಂಗಡಿಯ ಉಸ್ತಾದರ ಅಜ್ಜ ಆ ಕಾರ್ಯಾಗಾರದಲ್ಲಿ ಫಿಟ್ಟರ್ ಆಗಿದ್ದವರು. ಯಾವ ಅಂಗಡಿಯಲ್ಲಿಯೂ ಸಿಕ್ಕದ ಕಂಚಿನ ಬುಷ್ಷನ್ನು ತುಕ್ಕು ಹಿಡಿದ ಮಾದರಿಯೊಂದನ್ನು ನೋಡಿಕೊಂಡು ಅರ್ಧ ದಿನದಲ್ಲಿ ತಿರುಗಿಸಿ ಕೊಡುವ ಕೈ ಅವರದು. ಆದರೆ ಅವರಿಗೂ ಬಿಡುವಿರಬೇಕು. ದೊಡ್ಡ ಆರ್ಡರುಗಳ ನಡುವೆ ನಮ್ಮ ಒಂದು ಬುಷ್ಷಿಗಾಗಿ ಆರು ವಾರ ಕಾದದ್ದೂ ಉಂಟು.

ಎರಡನೆಯ ಸಂಕಟವನ್ನು ಸಂಕಟವೆನ್ನುವುದಕ್ಕಿಂತ ಪಾಠವೆನ್ನಬೇಕು. ಹೆರಾಲ್ಡಿನ ಮುಂದಿನ ಚಕ್ರವನ್ನು ಹಿಡಿದು ನಿಲ್ಲಿಸುವ ಉಕ್ಕಿನ ಕಂಬದ ಕೆಳತುದಿ ತಿರುಪಿನಂತಿದ್ದು, ಕಂಚಿನ ಗೂಡೊಂದರೊಳಗೆ ಕೂತು ತಿರುಗುತ್ತದೆ. ಎಡಬಲಗಳ ಥ್ರೆಡ್ಡುಗಳೂ ಒಂದಕ್ಕೊಂದು ವಿರುದ್ಧ ದಿಕ್ಕಿನವು. ಆ ಗೂಡಿಗೆ ತುಂಬಬೇಕಾದದ್ದು ಗೇರಿನ ದಪ್ಪ ಎಣ್ಣೆ. ನೋಡುವುದಕ್ಕೆ ಗ್ರೀಸ್ ಹಾಕುವ ಜಾಗದಂತೆಯೇ ಇರುವುದರಿಂದ ಲೋಕವೆಲ್ಲ ಅಲ್ಲಿಗೆ ಗ್ರೀಸ್ ತುಂಬುತ್ತದೆ, ನಾವೂ ತುಂಬಿದೆವು. ಗ್ರೀಸು ಥ್ರೆಡ್ಡಿನ ಆಳಕ್ಕೆ ಇಳಿಯುವುದಿಲ್ಲ, ಒಳಗೆ ತುಕ್ಕು ಬೆಳೆಯುತ್ತದೆ, ಒಂದು ದಿನ ಕಂಬ ತುಂಡಾಗುತ್ತದೆ. ನಮ್ಮ ಕಾರಿನ ಎಡಗಡೆಯ ಕಂಬದಲ್ಲಿ ಹಳೆಯ ಬಿರುಕೂ ಇತ್ತೆಂದು ಕಾಣುತ್ತದೆ. ಮೊದಲ ಸಲ ಕಾರನ್ನು ಶೆಡ್ಡಿನ ಅಂಗಳದಲ್ಲಿ ತಳ್ಳಿ ತಿರುಗಿಸುವಾಗ, ನಡಿಗೆಯ ವೇಗದಲ್ಲಿ, ಆ ಚಕ್ರ ಸುಮ್ಮನೆ ಮಡಿಚಿಕೊಂಡು ಮಲಗಿತು. ಯಾರಿಗೂ ಏನೂ ಆಗಲಿಲ್ಲ. ಸದ್ದು ಕೇಳಿ ಬಂದ ಉಸ್ತಾದರು ಮುರಿದ ತುದಿಯನ್ನು ಬೆರಳಿನಿಂದ ಸವರಿ, "ಗ್ರೀಸ್ ನಕ್ಕೊ ಸಾಬ್, ತೇಲ್ ಡಾಲ್ನಾ ಥಾ" ಎಂದರು. ಅಷ್ಟೇ ಹೇಳಿ ತಮ್ಮ ಯಂತ್ರದ ಬಳಿಗೆ ಮರಳಿದರು.

ಆ ದಿನ ನಮಗೆ ಕಾನೂನಿನ ಮೇಲಿದ್ದ ಸಿಟ್ಟು ಅರ್ಧ ಇಳಿಯಿತೆನ್ನಬೇಕು. ಉಪ್ಪಲ್ ರಸ್ತೆಯ ದಟ್ಟಣೆಯಲ್ಲಿ ಹಾಗಾಗಿದ್ದರೆ? ಪಕ್ಕದಲ್ಲಿ ಹೋಗುವ ಸ್ಕೂಟರಿನವನಿಗೆ ನಮ್ಮ ಹವ್ಯಾಸದ ಹೊಣೆಯನ್ನು ಹೊರಿಸುವ ಹಕ್ಕು ನಮಗೆಲ್ಲಿಯದು? ಕಟ್ಟಿದವನ ಕೆಲಸವನ್ನು ಇನ್ನೊಬ್ಬರು ನೋಡಲೇಬೇಕು. ನೋಡುವ ವ್ಯವಸ್ಥೆ ಇದೆಯೇ ಎಂಬುದು ಪ್ರಶ್ನೆ.

*

ಹೈದರಾಬಾದಿನಲ್ಲಿ ಕಾರನ್ನು ನೋಡುವ ವಸ್ತುವಾಗಿ ಇಡುವ ಸಂಪ್ರದಾಯ ಹಳೆಯದು. ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಅಪೇಕ್ಷಿಸಿ ತರಿಸಿದ, ಸಿಂಹಾಸನದಂತಹ ಆಸನವುಳ್ಳ 1912ರ ರೋಲ್ಸ್ ರಾಯ್ಸ್ ಚೌಮಹಲ್ಲಾ ಅರಮನೆಯಲ್ಲಿದೆ. ಅದು ಅವನ ಕಾಲಾನಂತರ ಬಂದು, ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಅಲ್ಲಿಂದ ಬಹಳ ದೂರವಲ್ಲದ ಬಹಾದುರ್‌ಪುರದಲ್ಲಿ, ಮೃಗಾಲಯದ ಸಮೀಪ, ಕೆ. ಸುಧಾಕರ್ ಅವರ ಸುಧಾ ಕಾರ್ಸ್ ಸಂಗ್ರಹಾಲಯವಿದೆ. ಹುಡುಗನಾಗಿದ್ದಾಗಿನಿಂದ ಗುಜರಿಯ ಸಾಮಾನಿನಿಂದ ವಾಹನ ಕಟ್ಟುತ್ತ ಬಂದವರು ಅವರು. ಬ್ಯಾಟು, ಪುಸ್ತಕ, ಕ್ಯಾಮೆರಾ, ಬರ್ಗರ್, ಹೆಂಗಸರ ಪಾದರಕ್ಷೆ, ಹೀಗೆ ಯಾವ ಆಕಾರವೂ ಅವರ ಕೈಯಲ್ಲಿ ಓಡುವ ಕಾರಾಗುತ್ತದೆ. ನಲವತ್ತೊಂದು ಅಡಿಗೂ ಎತ್ತರದ ಅವರ ಮೂರು ಚಕ್ರದ ಸೈಕಲ್ಲು 2005ರಲ್ಲಿ ಗಿನ್ನೆಸ್ ದಾಖಲೆ ಸೇರಿತು. ಒಂದು ಭಾನುವಾರ ಕೆಲಸ ಬಿಟ್ಟು ಅಲ್ಲಿಗೆ ಹೋಗಿದ್ದೆವು. ಮಕ್ಕಳು ನಗುತ್ತಿದ್ದರು, ನಾವು ಬಗ್ಗಿ ಬೆಸುಗೆಯ ಗೆರೆಗಳನ್ನು ನೋಡುತ್ತಿದ್ದೆವು. ಅಷ್ಟು ಕೌಶಲ ಗೋಡೆಯೊಳಗೆ ಸಾಲಾಗಿ ನಿಂತಿತ್ತು.

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ ಇಚಲಕರಂಜಿಗೆ ನೆರೆಯದು. ಅದರ ಜತ್ತ ತಾಲ್ಲೂಕಿನಲ್ಲಿ ಕನ್ನಡವೇ ಮನೆಮಾತಾದ ಊರುಗಳಿವೆ. ಆ ಜಿಲ್ಲೆಯ ದೇವರಾಷ್ಟ್ರೆ ಎಂಬ ಹಳ್ಳಿಯಲ್ಲಿ ದತ್ತಾತ್ರೇಯ ಲೋಹಾರ್ ಎಂಬ ಕಮ್ಮಾರರು ತಮ್ಮ ಮಗನ ಆಸೆಗಾಗಿ ಸುಮಾರು ಅರವತ್ತು ಸಾವಿರ ರೂಪಾಯಿಯಲ್ಲಿ ಪುಟ್ಟ ಜೀಪೊಂದನ್ನು ಕಟ್ಟಿದರು. ಬೈಕಿನಂತೆ ಒದ್ದು ಚಾಲೂ ಮಾಡುವ ಜೀಪು. 2021ರ ಡಿಸೆಂಬರಿನಲ್ಲಿ ಅದರ ವಿಡಿಯೊ ಕಂಡ ಆನಂದ್ ಮಹೀಂದ್ರಾ ಮನಸಾರೆ ಮೆಚ್ಚಿದರು. ಜೊತೆಗೆ, ನಿಯಮಗಳ ಪ್ರಕಾರ ಈ ವಾಹನವನ್ನು ಇಂದಲ್ಲ ನಾಳೆ ಅಧಿಕಾರಿಗಳು ತಡೆಯುತ್ತಾರೆ, ಅದಕ್ಕೆ ಬದಲಾಗಿ ಹೊಸ ಬೊಲೆರೊ ಕೊಡುತ್ತೇನೆ ಎಂದರು. ಮುಂದಿನ ತಿಂಗಳು ವಿನಿಮಯ ನಡೆಯಿತು. ಲೋಹಾರರ ಜೀಪು ಕಂಪನಿಯ ಪ್ರದರ್ಶನಕ್ಕೆ ಸೇರಿತು. ಅದರಲ್ಲಿ ಔದಾರ್ಯವಿತ್ತು ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಕಟ್ಟಿದವನು ಕೊನೆಗೆ ಕೊಂಡವನ ಕಾಲಂಗೆ ಬಂದು ನಿಂತ. ಅವನು ಕಟ್ಟಿದ್ದು ನೋಡುವ ವಸ್ತುವಾಯಿತು.

ಕಾನೂನಿನ ಇಂದಿನ ಸ್ಥಿತಿಯನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗೆ. ಹೊಸ ವಾಹನದ ಮಾದರಿಯನ್ನು ತಯಾರಕನು ಮಾನ್ಯ ಸಂಸ್ಥೆಯಲ್ಲಿ ಪರೀಕ್ಷೆಗೆ ಒಡ್ಡಬೇಕು. ಲಕ್ಷ ಕಾರು ತಯಾರಿಸುವವನು ಹೊರಬಲ್ಲ ಆ ಭಾರವನ್ನು ಒಂದು ಕಾರು ಕಟ್ಟುವವನು ಹೊರಲಾರ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ, ತಯಾರಕನ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಒತ್ತಿ ಹೇಳಿತು. ಇಷ್ಟರ ನಡುವೆ 2021ರ ಜುಲೈನಲ್ಲಿ ಒಂದು ಕಿಟಕಿ ತೆರೆಯಿತು. ಐವತ್ತು ವರ್ಷ ದಾಟಿದ, ಚಾಸಿ, ಮೈ, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆಯಾಗದ ವಾಹನಗಳನ್ನು 'ವಿಂಟೇಜ್' ಎಂದು ನೋಂದಾಯಿಸುವ ನಿಯಮ ಬಂತು. ಹೊಸ ನೋಂದಣಿಗೆ ಶುಲ್ಕ ಇಪ್ಪತ್ತು ಸಾವಿರ, ಅವಧಿ ಹತ್ತು ವರ್ಷ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಮುಂತಾದವಕ್ಕಾಗಿ ಮಾತ್ರ ರಸ್ತೆಗೆ ಇಳಿಸಬಹುದು. ದಿನನಿತ್ಯದ ಬಳಕೆಗೆ ಇಲ್ಲ.

ಈ ನಿಯಮ ಬಂದಾಗ ನಮ್ಮ ಶೆಡ್ಡಿನಲ್ಲಿ ಒಂದು ದೊಡ್ಡ ಜಗಳ ನಡೆಯುತ್ತಿತ್ತು. ಹಳೆಯ 948 ಸಿಸಿ ಎಂಜಿನ್ನನ್ನು ಬಿಟ್ಟು ಮಾರುತಿಯ ಎಂಜಿನ್ನೊಂದನ್ನು ಕೂರಿಸೋಣ, ಭಾಗಗಳು ಬೀದಿಬೀದಿಯಲ್ಲಿ ಸಿಕ್ಕುತ್ತವೆ, ಕಾರು ನಾಳೆಯೇ ಓಡುತ್ತದೆ ಎಂದು ಒಬ್ಬರ ವಾದ. ಹಾಗೆ ಮಾಡಿದರೆ ಅದು ಹೆರಾಲ್ಡ್ ಹೇಗಾದೀತು ಎಂದು ಇನ್ನೊಬ್ಬರು. ಎರಡು ತಿಂಗಳು ನಾವು ಶೆಡ್ಡಿಗೆ ಬೇರೆಬೇರೆ ಹೊತ್ತಿನಲ್ಲಿ ಬರುತ್ತಿದ್ದೆವು. ಟೀ ಕೂಡ ಬೇರೆಬೇರೆ. ನಿಯಮ ಹಳೆಯ ಎಂಜಿನ್ನಿನ ಪರವಾಗಿ ತೀರ್ಪು ಕೊಟ್ಟಿತೆಂದು ಹೇಳಬಹುದು. ಆದರೆ ನಮ್ಮನ್ನು ಮತ್ತೆ ಒಂದುಗೂಡಿಸಿದ್ದು ನಿಯಮವಲ್ಲ. ಬಿಗಿದುಕೊಂಡಿದ್ದ ಪಿಸ್ಟನ್ನುಗಳ ಮೇಲೆ ಎಣ್ಣೆ ಸುರಿದು ವಾರಗಟ್ಟಲೆ ಕಾದಿದ್ದ ಎಂಜಿನ್ನು ಒಂದು ಸಂಜೆ, ಅದನ್ನು ಬಿಟ್ಟುಬಿಡೋಣ ಎಂದವರ ಕೈಯಲ್ಲಿಯೇ, ಕಾಲು ಸುತ್ತು ತಿರುಗಿತು. ಅವರು ಪಾನಾ ಕೆಳಗಿಡದೆ ಉಳಿದಿಬ್ಬರಿಗೆ ಫೋನು ಮಾಡಿಸಿದರು.

ಚರಿತ್ರೆ ನಮಗೆ ಕಲಿಸಿದ್ದು ಇಷ್ಟು. ಕುಲಕರ್ಣಿ, ಸುಧಾಕರ್, ಲೋಹಾರ್ ಇವರ ಸಾಲಿನಲ್ಲಿ ನಮ್ಮನ್ನು ನಾವು ನಿಲ್ಲಿಸಿಕೊಳ್ಳುವುದಿಲ್ಲ. ಅವರು ಇಲ್ಲದ್ದನ್ನು ಕಟ್ಟಿದರು, ನಾವು ಇದ್ದದ್ದನ್ನು ಮತ್ತೆ ಕಟ್ಟಿದೆವು. ಆದರೆ ಹಳೆಯ ಕಾರಿಗೆ ತೆರೆದ ಕಿಟಕಿ ಕೈಯಿಂದ ಕಟ್ಟಿದ ಕಾರಿಗೂ ತೆರೆಯಬೇಕು. ವಿನಾಯಿತಿ ಕೇಳುತ್ತಿಲ್ಲ, ಒಂದೇ ಕಾರನ್ನು ಬಿಚ್ಚಿ ನೋಡಿ ಕಠಿಣವಾಗಿ ಪರೀಕ್ಷಿಸುವ, ತಪ್ಪಿದ್ದರೆ ನಿರ್ದಾಕ್ಷಿಣ್ಯವಾಗಿ ಹಿಂದೆ ಕಳುಹಿಸುವ ಒಂದು ಮೇಜು ಬೇಕೆನ್ನುತ್ತಿದ್ದೇವೆ. ಮಡಿಚಿದ ಚಕ್ರವನ್ನು ಕಂಡವರೇ ಈ ಮಾತು ಹೇಳುತ್ತಿದ್ದೇವೆ.

ಮೂಲ ಊರಿನಿಂದ ಹಳೆಯ ದಾಖಲೆಯ ಪ್ರತಿ ಬರಬೇಕಾಗಿದೆ. ಅಲ್ಲಿಯವರೆಗೆ ಹೆರಾಲ್ಡಿಗೆ ಶೆಡ್ಡಿನ ಅಂಗಳವೇ ರಾಜಮಾರ್ಗ. ಭಾನುವಾರ ಸಂಜೆ ಕಂಚಿನ ಗೂಡುಗಳಿಗೆ ಎಣ್ಣೆ ಹಾಕಿ, ಎಂಜಿನ್ನು ಚಾಲೂ ಮಾಡಿ, ನಲವತ್ತು ಹೆಜ್ಜೆ ಮುಂದಕ್ಕೆ ಓಡಿಸುತ್ತೇವೆ. ಸದ್ದು ಕೇಳಿದರೆ ಉಸ್ತಾದರು ಲೇತ್ ನಿಲ್ಲಿಸಿ ಬಾಗಿಲಿಗೆ ಬಂದು ಕಿವಿಗೊಡುತ್ತಾರೆ. ಮೂರನೆಯ ಸಿಲಿಂಡರು ಇನ್ನೂ ಸ್ವಲ್ಪ ತೊದಲುತ್ತಿದೆ ಎಂಬುದು ಅವರ ಅಭಿಪ್ರಾಯ. ಅದು ಸರಿಯೆಂದು ನಮಗೂ ಗೊತ್ತು. ಗೇರನ್ನು ಹಿಂದಕ್ಕೆ ಹಾಕಿ ನಲವತ್ತು ಹೆಜ್ಜೆ ವಾಪಸು ಬಂದು, ಬಾನೆಟ್ಟನ್ನು ಮತ್ತೆ ಮಗುಚುತ್ತೇವೆ.